ಬೀಸೋ ಕಲ್ಲಿನ ಆ ಕಡೆಯ ದನಿ

“ಅಜ್ಜಿ, ನಿಮಗೂ ಯಾರೋ ಮಾತಾಡ್ದಂಗೆ ಕೇಳ್ಸುತ್ತಾ?”

ಹೋದ ವಾರ ತುಮಕೂರಿನ ಒಂದು ಕಾಲೇಜಿನ ಹಾಲ್‌ನಲ್ಲಿ, ತುಂಬಿದ ಜನರ ಎದುರು, ಮನೋರೋಗದ ಡಾಕ್ಟರೊಬ್ಬರು ನನ್ನನ್ನು ಕೇಳಿದರು. ಮರ್ಯಾದೆಯಿಂದಲೇ ಕೇಳಿದರು. (ಸಂಘದ ಮೀಟಿಂಗಿನಲ್ಲಿ ಹೆಸರು ಕೂಗಿದರೂ ಸೆರಗು ಎಳೆದುಕೊಳ್ಳುವವಳು ನಾನು. ನಿಮಗೆ ಗೊತ್ತೇ ಇದೆ, ಮಕ್ಕಳೇ.)

ಮೊಮ್ಮಗಳು ಚೈತ್ರ ಅಲ್ಲಿ ಸೈಕಾಲಜಿ ಓದುತ್ತಿದ್ದಾಳೆ. ಬೇಸಿಗೆಯಲ್ಲಿ ಗುಬ್ಬಿಗೆ ಬಂದವಳು ಹಳೇ ಹಾಡು, ಪದ ಹೇಳು ಅಂತ ಮೊಬೈಲ್ ಹಿಡಿದು ಕೂತಳು. ರಾಗಿ ಬೀಸುವಾಗಿನ ಒಂದು ಪದ ಹೇಳಿದೆ. ಅದನ್ನೇ ಇಟ್ಟುಕೊಂಡು ಪೇಪರ್ ಬರೆದಿದ್ದಾಳೆ.

ಪರದೆಯ ಮೇಲೆ ನನ್ನ ಪದ ಬಂತು. ಗಂಡ ಸತ್ತ ಹೆಣ್ಣು ಅಳುತ್ತಾಳೆ. ಮರುಸಾಲಿನಲ್ಲಿ ಒಂದು ದನಿ ಯಾಕೆ ಅಳುತ್ತೀ ಅನ್ನುತ್ತದೆ. ಇವಳು ಅದಕ್ಕೆ ಉತ್ತರ ಕೊಡುತ್ತಾಳೆ. ಇಲ್ಲದ ದನಿ ಕೇಳಿಸುವ ಕಾಯಿಲೆ ಇಂದಿನದಲ್ಲ, ಹಳೆಯ ಸಾಹಿತ್ಯದಲ್ಲೇ ಇದಕ್ಕೆ ಸಾಕ್ಷಿ ಇದೆ ಅಂತ ಚೈತ್ರ ವಿವರಿಸಿದಳು. ಡಾಕ್ಟರು ತಲೆದೂಗಿದರು. ಹಾಡಿದವಳು ಇಲ್ಲೇ ಕೂತಿದ್ದಾಳೆ ಅಂತ ಗೊತ್ತಾದ ಮೇಲೆ ಆ ಪ್ರಶ್ನೆ.

ಕಾಯಿಲೆ ಸುಳ್ಳು ಅಂತ ನಾನು ಅನ್ನುವುದಿಲ್ಲ. ಕುಣಿಗಲ್ಲಿನ ನಮ್ಮಕ್ಕನಿಗೆ ನಿಜವಾಗಿಯೂ ದನಿ ಕೇಳಿಸುತ್ತಿತ್ತು. ಬಾವಿಗೆ ಬೀಳು ಅನ್ನುತ್ತಿತ್ತಂತೆ. ಆರು ವರ್ಷ ತಾಯಿತ ಕಟ್ಟಿಸಿದೆವು. ಉಳಿಸಿದ್ದು ಮಾತ್ರೆ. ಚೈತ್ರಳಿಗೂ ಆ ಕಥೆ ಗೊತ್ತು. ಅದಕ್ಕೇ ವೇದಿಕೆಯಿಂದ ಅವಳು ನೋಡಿದ ನೋಟಕ್ಕೆ ಹೆದರಿದೆ. ಒಲೆ ಮುಂದೆ ಒಬ್ಬಳೇ ಪದ ಹೇಳಿಕೊಳ್ಳುತ್ತೇನಲ್ಲ, ಅದನ್ನೂ ಗಮನಿಸಿದ್ದಳೇ?

ನಿಜ ಹೇಳಿದರೆ ಅವಳ ವರ್ಷದ ಕೆಲಸ ಮೇಷ್ಟ್ರುಗಳ ಎದುರೇ ಮಣ್ಣುಪಾಲು. ಸುಮ್ಮನಿದ್ದರೆ? ಆ ಹೆಣ್ಣೂ ಹುಚ್ಚಿ, ನಾನೂ ಹುಚ್ಚಿ.

ಎದ್ದು ನಿಂತೆ.

“ಕೇಳ್ತಿತ್ತು ಸಾರ್” ಅಂದೆ. “ನಮ್ಮ ನಾದಿನಿದು. ಕಲ್ಲಿನ ಆ ಕಡೆ ಕೂತಿರೋಳು.”

ಬಿಡಿಸಿ ಹೇಳಿದೆ: ಬೀಸೋ ಕಲ್ಲಿನ ಗೂಟ ಹಿಡಿಯುವವರು ಇಬ್ಬರು. ಒಬ್ಬಳು ಸಾಲು ಎತ್ತಿದರೆ ಎದುರಿನವಳು ಮರುಸಾಲು ಹೇಳುತ್ತಾಳೆ. ನಾದಿನಿ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅರ್ಧ ಪದ ಹೇಳಬಾರದು ಅಂತ ಅವಳ ಸಾಲನ್ನೂ ನಾನೇ ಹೇಳಿದ್ದೆ. ಮೊಬೈಲಿಗೆ ಕೇಳಿಸಿದ್ದು ಒಬ್ಬಳ ಗಂಟಲು.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಚೈತ್ರ ಕಾಗದ ಮಡಚಿ ಕೆಳಗಿಳಿದಳು.

ನನ್ನನ್ನು ಊರಿಗೆ ಬಿಡಲು ಅವಳೂ ಗುಬ್ಬಿ ಬಸ್ಸು ಹತ್ತಿದಳು. ಆಮೇಲೆ ಕಿಟಕಿ ಕಡೆ ನೋಡುತ್ತಲೇ ಕೇಳಿದಳು.

“ಮೊದ್ಲೇ ಯಾಕಜ್ಜಿ ಹೇಳ್ಲಿಲ್ಲ?”

“ನೀನು ಕೇಳ್ಲಿಲ್ವಲ್ಲವ್ವ. ಬೀಸೋದು ಇಬ್ರು ಅಂತ ಎಲ್ರಿಗೂ ಗೊತ್ತಿರುತ್ತೆ ಅಂದ್ಕೊಂಡೆ.”

ನಮ್ಮಿಬ್ಬರ ತಪ್ಪೂ ಅಷ್ಟೇ. ಅವಳು ಕಲ್ಲು ಕಂಡವಳಲ್ಲ. ಅದು ನನಗೆ ಹೊಳೆಯಲಿಲ್ಲ.

ಪೇಪರ್ ತಿದ್ದುತ್ತಾಳೋ, ಹರಿಯುತ್ತಾಳೋ, ಇನ್ನೂ ಹೇಳಿಲ್ಲ. ಫೋನೂ ಮಾಡಿಲ್ಲ. ನೀವು ಉಳಿದ ಮೊಮ್ಮಕ್ಕಳಾದರೂ ಒಂದು ಮಾತು ಹೇಳಿ: ಮುದುಕಿ ಒಬ್ಬಳೇ ಮಾತಾಡುತ್ತಾಳೆ ಅಂತ ಬರೆದುಕೊಳ್ಳುವ ಮುಂಚೆ, ಎದುರಿಗೆ ಕೂತಿದ್ದವಳು ಏನಾದಳು ಅಂತ ಕೇಳಬೇಡವೇ?