ಅರ್ಧ ಮಾತ್ರೆಯ ದರ್ಜಿ

ಗಿರಾಕಿಯ ತೋಳನ್ನು ಮೂರು ಸಲ ಅಳೆಯದೆ ಕತ್ತರಿ ಮುಟ್ಟದ ದರ್ಜಿ, ತನ್ನ ರಕ್ತದೊತ್ತಡದ ಮಾತ್ರೆಯನ್ನು ಮಾತ್ರ ಫೋನಿಗೆ ಬಂದ ಸಂದೇಶ ನೋಡಿ ತುಂಡು ಮಾಡುತ್ತಾನೆ. ನುಂಗದಿದ್ದರೆ ಹೃದಯಕ್ಕೆ ಕೇಡೆಂದು ಒಂದು ಸಂದೇಶ, ನುಂಗಿದರೆ ಮೂತ್ರಪಿಂಡಕ್ಕೆ ಕೇಡೆಂದು ಇನ್ನೊಂದು. ಎರಡಕ್ಕೂ ಮರ್ಯಾದೆ ಕೊಟ್ಟು ಅರ್ಧ ನುಂಗಿ, ಉಳಿದರ್ಧವನ್ನು ಗುಂಡಿಗಳ ಡಬ್ಬಿಗೆ ಹಾಕುತ್ತಾನೆ. "ಅರ್ಧ ಅಂತ ಬರೆಯೋಕೆ ಡಾಕ್ಟರಿಗೆ ಬರ್ತಿರಲಿಲ್ವಾ?" ಎಂದು ಹೆಂಡತಿ ಕೇಳಿ ಕೇಳಿ ಸೋತಿದ್ದಾಳೆ. ತಲೆ ಸುತ್ತಿ ಎರಡು ಸಲ ಹೊಲಿಗೆ ಯಂತ್ರದ ಮೇಲೆ ಒರಗಿದರೂ ಅವನದು ಒಂದೇ ಮಾತು: "ಇನ್ನೊಂದು ವಿಡಿಯೊ ನೋಡಿ ತೀರ್ಮಾನ ಮಾಡ್ತೀನಿ ಕಣೇ." ಆದರೆ ಅವಳ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ದಿನವೂ ಎಂಟು ಗಂಟೆಗೆ ಸರಿಯಾಗಿ, ಇಡಿಯಾಗಿ ತಂದುಕೊಡುವವನೂ ಅವನೇ. "ಇದಕ್ಕೆ ಸಂದೇಶ ಬಂದಿಲ್ವೇನ್ರೀ?" ಎಂದು ಇವತ್ತು ಕೇಳಿಯೇ ಬಿಟ್ಟಳು. "ಬಂದಿದೆ, ನೋಡಿಲ್ಲ. ನಿನ್ನ ವಿಷಯದಲ್ಲಿ ತಪ್ಪಾದ್ರೆ ಬಿಚ್ಚಿ ಹೊಲಿಯೋಕಾಗುತ್ತಾ?" ಎಂದನು. ಅವನು ಡಬ್ಬಿಗೆ ಹಾಕಲಿದ್ದ ಅರ್ಧವನ್ನು ಅವಳು ಅವನ ಅಂಗೈಗೇ ಮರಳಿಸಿ, "ನಿಮ್ಮನ್ನ ಹೊಲಿಯೋಕಾಗುತ್ತಾ?" ಎಂದಳು.