ಕರೆಂಟ್ ಬಂದರೆ ನಿಲ್ಲುವ ಆಟ

ಇಳಕಲ್ಲಿನ ನಮ್ಮ ಓಣಿಯಲ್ಲಿ ಚಂದ್ರಶೇಖರಪ್ಪನವರ ಮನೆಯ ಕಟ್ಟೆಗೆ ಕೆಂಪು ಗ್ರಾನೈಟಿನ ಹಾಸುಗಲ್ಲಿತ್ತು. ಅದರ ಮೇಲೆ ಪಗಡೆಯ ಮನೆಗಳನ್ನು ಅವರೇ ಉಳಿ ಹಿಡಿದು ಕೆತ್ತಿದ್ದರು. ಓಣಿಯ ತುಂಬ ಪವರ್‌ಲೂಮ್‌ಗಳು. ಕರೆಂಟ್ ಹೋದರೆ ಮಗ್ಗಗಳ ಸದ್ದು ಒಮ್ಮೆಲೇ ನಿಂತು, ಜನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಈ ಕಟ್ಟೆಯ ಮೇಲೆ ಕೂಡುತ್ತಿದ್ದರು. ಕರೆಂಟ್ ಬಂದ ಕೂಡಲೇ ಆಟ ಬಿಟ್ಟು ಏಳಬೇಕು. ಮುಂದಿನ ಸಲ ಕರೆಂಟ್ ಹೋಗುವವರೆಗೆ ಕಾಯಿಗಳನ್ನು ಯಾರೂ ಮುಟ್ಟಬಾರದು. ಇದು ಚಂದ್ರಶೇಖರಪ್ಪನವರ ಕಾಯ್ದೆ. ಒಮ್ಮೆ ಓಣಿಯ ಮರೆವ್ವನ ಆಡು ಕಟ್ಟೆ ಹತ್ತಿ ಕಾಯಿ ಚೆಲ್ಲಿದಾಗ, ಯಾವುದು ಎಲ್ಲಿತ್ತೆಂದು ಅವರು ಮನೆ ಮನೆಗೆ ಹೋಗಿ ಕೇಳಿ ಮತ್ತೆ ಇಟ್ಟಿದ್ದರು.

ಅದೇ ಚಂದ್ರಶೇಖರಪ್ಪನವರು, ಓಣಿಗೆ ಬೇರೆ ಟ್ರಾನ್ಸ್‌ಫಾರ್ಮರ್, ಜನರ ಬಾಯಲ್ಲಿ ಟಿಸಿ, ಬೇಕೆಂದು ವರ್ಷಗಟ್ಟಲೆ ಅರ್ಜಿ ಕೊಟ್ಟವರು. ಕಳೆದ ಚಳಿಗಾಲದಲ್ಲಿ ಅದು ಮಂಜೂರಾಯಿತು. ಜಾಗ ನೋಡಲು ಬಂದ ಲೈನ್‌ಮನ್ ಓಣಿಯೆಲ್ಲ ತಿರುಗಿ, ಕೊನೆಗೆ ಇವರ ಕಟ್ಟೆಯ ಮುಂದೆ ನಿಂತ.

“ಬ್ಯಾರೆ ಜಾಗಾನ ಇಲ್ರಿ. ಈ ಕಟ್ಟಿ ಒಡೀಬೇಕಾಗ್ತದ. ಒಲ್ಲೆ ಅಂದ್ರ ಬ್ಯಾರೆ ಓಣಿಗೆ ಹೋಗ್ತದ ನೋಡ್ರಿ.”

ಚಂದ್ರಶೇಖರಪ್ಪನವರು ನಾಳೆ ಹೇಳುತ್ತೇನೆಂದರು. ಅಂದು ಸಂಜೆ ಕರೆಂಟ್ ಹೋದಾಗ ಕಟ್ಟೆಯ ಮೇಲೆ ಅದೇ ಮಾತು.

“ಸರಕಾರದವ್ರು ರೊಕ್ಕದ ಮೊಬೈಲ್ ಆಟ ಲಗೂನ ಬಂದ್ ಮಾಡಿದ್ರು. ಒಂದ್ ಟಿಸಿ ಕೊಡಾಕ ಇಷ್ಟ್ ವರ್ಷ ಬೇಕಾತು” ಎಂದ ಮಗ್ಗದ ಕೆಲಸದ ಅನಿಲಕುಮಾರ. ಅವನ ಮೊಬೈಲಿನ ರಮ್ಮಿ ನಿಂತುಹೋಗಿತ್ತು.

“ಬಂದ್ ಮಾಡಿದ್ದು ಚಲೋ ಆತು. ಮಾರಿ ಕಾಣಲಾರದವರ ಕೂಡ ಎಂಥಾ ಆಟಲೇ?” ಎಂದರು ಚಂದ್ರಶೇಖರಪ್ಪ.

“ಮಾರಿ ಕಂಡ್ರ ನೀವು ಭಾಳ ಖರೆ ಆಡ್ತೀರೇನ್ರಿ ಅಣ್ಣಾ?” ಎಂದರು ಎದುರುಮನೆಯ ದುರ್ಗವ್ವ. “ಕವಡಿ ಡೊಂಕ ಬಿತ್ತಂತ ಮತ್ತೊಮ್ಮೆ ಹಾಕ್ತೀರಿ. ಮೊದಲ ನಿಮ್ಮನ್ನ ಬಂದ್ ಮಾಡಬೇಕು.”

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಅನಿಲಕುಮಾರ, “ಕಲ್ಲು ಎತ್ತಿ ಗ್ವಾಡಿ ಬಾಜೂಕ ಇಟ್ರಾತು ಕಾಕಾ. ಆಟ ಎಲ್ಲಿ ಹೋಗ್ತದ?” ಎಂದ.

“ಕಲ್ಲು ಉಳೀತದಲೇ. ಕರೆಂಟ್ ಹೋಗಲಿಲ್ಲಂದ್ರ ಕೂಡಾಕ ಯಾರು ಬರ್ತಾರ?”

ಮರುದಿನ ಅವರೇ ಲೈನ್‌ಮನ್‌ಗೆ ಫೋನ್ ಮಾಡಿ ಕಟ್ಟೆ ಒಡೆಯಲು ಹೇಳಿದರು.

ಹೊಸ ಟಿಸಿಗೆ ತಂತಿ ಜೋಡಿಸುವ ದಿನ ಮಧ್ಯಾಹ್ನ ಓಣಿಯ ಕರೆಂಟ್ ತೆಗೆದರು. ಮಗ್ಗಗಳು ನಿಂತವು. ಕಲ್ಲು ಗೋಡೆಯ ಬದಿಗೆ ನೆಲದ ಮೇಲಿತ್ತು. ಯಾರೂ ಕರೆಯದಿದ್ದರೂ ಎಲ್ಲರೂ ಬಂದು ಅದರ ಸುತ್ತ ಕೂತರು. ಮೊದಲಿನ ಹಾಗೆಯೇ ಬೈಗುಳ, ಶೇಂಗಾ, ಚಹಾ. ದುರ್ಗವ್ವನ ಕೊನೆಯ ಕಾಯಿ ನಡುಮನೆ ಸೇರಿ ಹಣ್ಣಾಗಲು ಒಂದೇ ಮನೆ ಬಾಕಿ ಇತ್ತು, ಚಂದ್ರಶೇಖರಪ್ಪನವರದು ಅದರ ಹಿಂದೆಯೇ. ಅಷ್ಟರಲ್ಲಿ ಕರೆಂಟ್ ಬಂತು.

“ಮುಂದಿನ ಸರ್ತಿ ನೋಡ್ಕೋತೇನಿ ನಿಮ್ಮನ್ನ” ಎನ್ನುತ್ತ ದುರ್ಗವ್ವ ಮಗ್ಗಕ್ಕೆ ಓಡಿದರು.

ಆಮೇಲೆ ಕರೆಂಟ್ ಹೋಗಲೇ ಇಲ್ಲ. ಚಂದ್ರಶೇಖರಪ್ಪನವರು ದಿನಾ ಬೆಳಿಗ್ಗೆ ಕಾಯಿ ಅಲುಗದಂತೆ ಸುತ್ತಲೂ ಕಸ ಗುಡಿಸುತ್ತಿದ್ದರು. ಒಂದು ಮಧ್ಯಾಹ್ನ ಒಬ್ಬರೇ ಕೂತು, ತಮ್ಮದೊಮ್ಮೆ ದುರ್ಗವ್ವನದೊಮ್ಮೆ ಕವಡೆ ಹಾಕಿದರು. ತಮ್ಮ ಕವಡೆ ಡೊಂಕಾಗಿ ಬಿದ್ದರೂ ಮತ್ತೆ ಹಾಕಲಿಲ್ಲ. ದುರ್ಗವ್ವನ ಕಾಯಿ ಹಣ್ಣಾಯಿತು. ಎದ್ದು ಅವರ ಕಿಟಕಿಗೆ ಹೋಗಿ, “ದುರ್ಗವ್ವ, ನೀ ಗೆದ್ದಿ!” ಎಂದು ಕೂಗಿದರು. ಮಗ್ಗದ ಸದ್ದಿನಲ್ಲಿ ದುರ್ಗವ್ವನಿಗೆ ಏನೂ ಕೇಳಲಿಲ್ಲ. ಎಳೆ ಹರಿದು ಮಗ್ಗ ನಿಲ್ಲುವವರೆಗೆ ಚಂದ್ರಶೇಖರಪ್ಪನವರು ಅಲ್ಲೇ ನಿಂತಿದ್ದರು.