ಹಲೋಗಿಂತ ಮೊದಲು
ತೂಬಗೆರೆಯ ನಮ್ಮ ಎಸ್‌ಟಿಡಿ ಬೂತಿನ ಕದಿರಮ್ಮನವರಿಗೆ ಹಾವಿಗಿಂತ ಗಾಳಿ ಕಂಡರೆ ಭಯ. ಗಾಳಿ ಬೀಸಿದರೆ ಹೊಂಗೆ ಕೊಂಬೆ ತಂತಿಗೆ ತಗುಲುತ್ತದೆ, ಯಾರದೋ ಮಾತು ಅರ್ಧಕ್ಕೇ ನಿಂತುಹೋಗುತ್ತದೆ. ಕೊಂಬೆ ಕಡಿಸಿದ ಮೇಲೂ ಲೈನ್ ಕಟ್ಟಾಗುವುದು ತಪ್ಪಲಿಲ್ಲ. ಲೈನ್‌ಮನ್ ಬಂದು ನೋಡುವಾಗ ಫೋನು ಸಾಧು ಹಸುವಿನಂತಿರುತ್ತದೆ; ಅವನು ಸೈಕಲ್ ಹತ್ತಿದೊಡನೆ ಸತ್ತುಹೋಗುತ್ತದೆ. ಆದ್ದರಿಂದ ಯಾರೇ ಮಾತಾಡಲಿ, ಕದಿರಮ್ಮ ಪಕ್ಕದಲ್ಲೇ ನಿಂತು, ಟೇಪು ಸುತ್ತಿದ ವೈರಿನ ಜಾಯಿಂಟನ್ನು ಎಳೆಗೂಸಿನ ಕತ್ತು ಹಿಡಿದಂತೆ ಹಿಡಿದಿರುತ್ತಾರೆ. ಫ್ಯಾನು ಆರಿಸುತ್ತಾರೆ, ಕೆಮ್ಮುವವರನ್ನು ಹೊರಗೆ ಕಳಿಸುತ್ತಾರೆ. "ಹಲೋ ಆಮೇಲೆ ಅನ್ನಿ ಕಣಪ್ಪಾ, ಮೊದ್ಲು ವಿಷ್ಯ ಹೇಳ್ಬಿಡಿ" ಎಂದು ಎಲ್ಲರಿಗೂ ಅದೇ ಪಾಠ. ಹಾಗಾಗಿ ನಮ್ಮೂರಿನವರು ಫೋನಿನಲ್ಲಿ "ಹೆಣ್ಮಗು, ಇಬ್ರೂ ಚೆನ್ನಾಗವ್ರೆ" ಎಂದಮೇಲೆಯೇ ತಾವು ಯಾರೆಂದು ಹೇಳುವುದು. ಇದಕ್ಕೆ ನಾನೂ ನಗುತ್ತಿದ್ದೆ. ಆಮೇಲೆ ತಿಳಿಯಿತು: ಅವರ ಗಂಡ ದೊಡ್ಡಬೀರಪ್ಪ ಲಾರಿ ಡ್ರೈವರು. ಒಮ್ಮೆ ಯಾರೋ ಫೋನ್ ಮಾಡಿ, "ಬೀರಪ್ಪನ ಮನೆಯವ್ರಾ? ನಿಮ್ಮ ಯಜಮಾನ್ರು..." ಎನ್ನುವಷ್ಟರಲ್ಲಿ ಲೈನ್ ಹೋಯಿತಂತೆ. ಗಾಡಿ ಕೆಟ್ಟಿದೆ, ಬರುವುದು ತಡ ಎಂಬುದಷ್ಟೇ ಸುದ್ದಿ. ಆದರೆ ಈಯಮ್ಮ ಸಂಜೆಯವರೆಗೂ ರಿಸೀವರ್ ಕೆಳಗಿಡದೆ ಕಿವಿಗೇ ಒತ್ತಿಕೊಂಡು ಕೂತಿದ್ದರಿಂದ ಆ ಫೋನು ಮತ್ತೆ ಬರಲಾಗಲೇ ಇಲ್ಲ. ಅಂದಿನಿಂದ ದೊಡ್ಡಬೀರಪ್ಪ ಎಲ್ಲಿಂದ ಫೋನ್ ಮಾಡಿದರೂ ಅವರ ಮೊದಲ ಮಾತು, "ಬದುಕಿದೀನಿ ಕಣಮ್ಮಿ." ಅಷ್ಟು ಕೇಳಿದ ಮೇಲೆ ಕದಿರಮ್ಮ ಜಾಯಿಂಟಿನಿಂದ ಬೆರಳು ತೆಗೆಯುತ್ತಾರೆ.